‘ಸಂಸ್ಕಾರ’ದ ಪಟ್ಟಾಭಿರಾಮ ರೆಡ್ಡಿ

ಊರಲ್ಲೊಂದು ಮರಣವಾದರೆ ಅಂಗಡಿ ಬಾಗಿಲು ಎಳೆದು ಓಡುತ್ತೇವೆ. ಸತ್ತವನು ಹೇಗೆ ಬದುಕಿದ್ದ ಅಂತ ಲೆಕ್ಕ ಕೇಳುವ ಹೊತ್ತಲ್ಲ ಅದು. ಆ ಲೆಕ್ಕ ಕೇಳುತ್ತಾ ಕೂತು ಹೆಣವನ್ನು ಕೊಳೆಯಲು ಬಿಟ್ಟ ಅಗ್ರಹಾರವೊಂದರ ಕಥೆಯನ್ನು ಸಿನಿಮಾ ಮಾಡಿದವರು ಪಟ್ಟಾಭಿರಾಮ ರೆಡ್ಡಿ.

ಅವರ ಮಾತೃಭಾಷೆ ಕನ್ನಡವಲ್ಲ. 1919ರಲ್ಲಿ ನೆಲ್ಲೂರಿನಲ್ಲಿ ಹುಟ್ಟಿದವರು. ಶಾಂತಿನಿಕೇತನದಲ್ಲಿ, ಆಮೇಲೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. ತೆಲುಗಿನಲ್ಲಿ ಕವಿಯಾಗಿ ಹೆಸರು ಮಾಡಿ, ತೆಲುಗು ಚಿತ್ರಗಳ ನಿರ್ಮಾಪಕರೂ ಆದರು. ಅಲ್ಲೇ ಇದ್ದುಬಿಡಬಹುದಿತ್ತು. ಆದರೆ ರಾಮಮನೋಹರ ಲೋಹಿಯಾರ ವಿಚಾರ ಅವರನ್ನು ಸುಮ್ಮನೆ ಕೂರಲು ಬಿಡಲಿಲ್ಲ.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯನ್ನು ಅವರು ಕೈಗೆತ್ತಿಕೊಂಡರು. ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪ ಸತ್ತಾಗ ಹೆಣ ಮುಟ್ಟಲು ಅಗ್ರಹಾರದವರು ಯಾರೂ ಬರುವುದಿಲ್ಲ. ಕಾದಂಬರಿಯಲ್ಲಿ ಅವನ ಜೊತೆಗಿದ್ದ ಚಂದ್ರಿ ಕೊನೆಗೆ ಹೋಗುವುದು ಮೀನು ವ್ಯಾಪಾರಿ ಅಹಮದ್ ಬ್ಯಾರಿಯ ಹತ್ತಿರ. ಎತ್ತು ಕೊಳ್ಳಲು ನಾರಣಪ್ಪ ಹಿಂದೊಮ್ಮೆ ಕೊಟ್ಟ ಸಾಲದ ಉಪಕಾರವನ್ನು ಆ ಬ್ಯಾರಿ ಮರೆತಿರಲಿಲ್ಲ. ರಾತ್ರೋರಾತ್ರಿ ಗಾಡಿಯಲ್ಲಿ ಹೆಣ ಸಾಗಿಸಿ, ಸುಟ್ಟು, ಯಾರಿಗೂ ಹೇಳದೆ ಹೋದ.

ಚಿತ್ರದಲ್ಲಿ ದೊಡ್ಡ ತಾರೆಯರಿಲ್ಲ. ಸಾಹಿತಿಗಳಾದ ಗಿರೀಶ್ ಕಾರ್ನಾಡ್, ಪಿ. ಲಂಕೇಶ್ ನಟಿಸಿದರು. ಪಟ್ಟಾಭಿಯವರ ಪತ್ನಿ ಸ್ನೇಹಲತಾ ಚಂದ್ರಿಯಾದರು. ಸೆನ್ಸಾರ್ ಮಂಡಳಿ ಚಿತ್ರವನ್ನು ನಿಷೇಧಿಸಿತು. ನಿಷೇಧ ತೆರವಾದ ಮೇಲೆ ಅದೇ ಚಿತ್ರಕ್ಕೆ 1970ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಕನ್ನಡಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ಆಮೇಲೆ ತುರ್ತು ಪರಿಸ್ಥಿತಿ ಬಂತು. 1976ರ ಮೇ ತಿಂಗಳಲ್ಲಿ ಸ್ನೇಹಲತಾರನ್ನು ಬಂಧಿಸಿ ಬೆಂಗಳೂರು ಜೈಲಿಗೆ ಹಾಕಿದರು. ಅವರ ಮೇಲೆ ಯಾವ ಅಪರಾಧವೂ ಸಾಬೀತಾಗಲಿಲ್ಲ. ಆಸ್ತಮಾ ಇದ್ದ ಆ ತಾಯಿ ಎಂಟು ತಿಂಗಳು ಒಳಗೇ ಇದ್ದರು. 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು. 20ರಂದು ತೀರಿಕೊಂಡರು. ಚಂದ್ರಿಯಾಗಿ ಹೆಣಕ್ಕೆ ನ್ಯಾಯ ಕೇಳಿದ ಹೆಂಡತಿಯನ್ನು ಪಟ್ಟಾಭಿ ಹೀಗೆ ಕಳೆದುಕೊಂಡರು.

ಆದರೂ ಕೆಲಸ ನಿಲ್ಲಿಸಲಿಲ್ಲ. ಅದೇ ವರ್ಷ ಲಂಕೇಶರ ನಾಟಕ ಆಧರಿಸಿದ ‘ಚಂಡಮಾರುತ’ ಬಂತು. ಮುಂದೆ ‘ಶೃಂಗಾರ ಮಾಸ’, ಕಾಡಿನ ನಾಶದ ಬಗ್ಗೆ ‘ದೇವರ ಕಾಡು’. ಎಣಿಸಿದರೆ ಕನ್ನಡದಲ್ಲಿ ಬೆರಳೆಣಿಕೆಯ ಚಿತ್ರಗಳು, ಅಷ್ಟೇ. 2006ರ ಮೇ 6ರಂದು ಬೆಂಗಳೂರಿನಲ್ಲಿ ನಿಧನರಾದರು.

ಅಹಮದ್ ಬ್ಯಾರಿ ನಮ್ಮವನೆಂದು ಹೆಮ್ಮೆಪಟ್ಟರೆ ಸಾಲದು. ಜಮಾಅತಿನ ಜಗಳ ಕಬರಸ್ಥಾನದ ಬಾಗಿಲಿಗೆ ಬರುವುದು ನಮ್ಮಲ್ಲೂ ಉಂಟು. ಅಂಥ ದಿನ ನಾವು ಹೆಣ ಹೊರುವವರೋ, ಲೆಕ್ಕ ಕೇಳುವವರೋ? ಪಟ್ಟಾಭಿ ಬಿಟ್ಟುಹೋದ ಪ್ರಶ್ನೆ ಇದು. ಎಲ್ಲರಿಗೂ ಸೇರಿದ್ದು.