ಗಾಜಿನ ಮೇಲೆ ಬೆಳಕು ಹಿಡಿದ ಎಂಜಿನಿಯರ್: ಲಾಲಾ ದೀನ್ ದಯಾಳ್

ಹೈದರಾಬಾದ್ ನಿಜಾಮರ ಆಸ್ಥಾನದ ಫೋಟೋಗ್ರಾಫರ್ ರಾಜಾ ಲಾಲಾ ದೀನ್ ದಯಾಳ್ ಅವರ ಹೆಸರು ನಮ್ಮಲ್ಲಿ ಕೆಲವರಾದರೂ ಕೇಳಿರ್ತೀವಿ. ಆದರೆ ಅವರೂ ನಮ್ಮ ಹಾಗೆ ಎಂಜಿನಿಯರಿಂಗ್ ಓದಿದವರು ಅನ್ನೋದು ಎಷ್ಟು ಜನರಿಗೆ ಗೊತ್ತು?

1844ರಲ್ಲಿ ಮೀರತ್ ಹತ್ತಿರದ ಸರ್ಧಾನಾ ಎಂಬ ಊರಲ್ಲಿ ಅವರು ಹುಟ್ಟಿದರು. ರೂರ್ಕಿಯ ಥಾಮ್ಸನ್ ಸಿವಿಲ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದರು. ಅದೇ ಈಗಿನ ಐಐಟಿ ರೂರ್ಕಿ. 1866ರಲ್ಲಿ ಇಂದೋರ್‌ನ ಲೋಕೋಪಯೋಗಿ ಇಲಾಖೆಯಲ್ಲಿ ಎಸ್ಟಿಮೇಟ್ ಹಾಕುವ, ನಕ್ಷೆ ಬರೆಯುವ ಕೆಲಸಕ್ಕೆ ಸೇರಿದರು. ಸರ್ಕಾರಿ ನೌಕರಿ, ತಿಂಗಳಾದರೆ ಸಂಬಳ. ನಮ್ಮ ಮನೆಯವರು ನಮಗೆ ಬಯಸೋದೂ ಇದನ್ನೇ ಅಲ್ವಾ?

1870ರ ದಶಕದ ಮಧ್ಯದಲ್ಲಿ ಅವರು ಕ್ಯಾಮೆರಾ ಹಿಡಿದರು. ಆಗಿನ ಕ್ಯಾಮೆರಾ ಅಂದರೆ ಒಂದು ದೊಡ್ಡ ಮರದ ಪೆಟ್ಟಿಗೆ. ಅದಕ್ಕೆ ಬೇಕಿದ್ದದ್ದು ಹಸಿ ಪ್ಲೇಟ್. ಗಾಜಿಗೆ ಕೊಲೋಡಿಯನ್ ಸವರಿ, ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಿ, ಅದು ಒಣಗುವ ಮೊದಲೇ ಫೋಟೋ ತೆಗೆದು ತೊಳೆದುಬಿಡಬೇಕು. ಕೈಯಲ್ಲಿರೋದು ಕೆಲವೇ ನಿಮಿಷ. ಹಾಗಾಗಿ ಹೋದಲ್ಲೆಲ್ಲ ಕತ್ತಲೆಯ ಡೇರೆ, ರಾಸಾಯನಿಕದ ಬಾಟಲಿಗಳು, ನೀರು ಎಲ್ಲವನ್ನೂ ಹೊತ್ತುಕೊಂಡೇ ಹೋಗಬೇಕಿತ್ತು. ಇನ್ನೊಂದು ಲೆಕ್ಕ ನೋಡ್ರಿ. ಪ್ರಿಂಟ್ ಹಾಕ್ತಿದ್ದದ್ದು ನೆಗೆಟಿವ್‌ಗೆ ಕಾಗದ ಅಂಟಿಸಿಟ್ಟು ಬಿಸಿಲಲ್ಲಿ. ಅಂದರೆ ದೊಡ್ಡ ಫೋಟೋ ಬೇಕಾದರೆ ಅಷ್ಟೇ ದೊಡ್ಡ ಗಾಜು ಬೇಕು, ಅದನ್ನು ಹಿಡಿಸುವಷ್ಟು ದೊಡ್ಡ ಕ್ಯಾಮೆರಾನೂ ಬೇಕು.

ಆಮೇಲೆ ಬಂತು ಒಣ ಪ್ಲೇಟ್. ಜೆಲಟಿನ್ ಲೇಪಿಸಿ ಕಾರ್ಖಾನೆಯಲ್ಲೇ ತಯಾರಾದ ಗಾಜು. ಇವತ್ತು ಫೋಟೋ ತೆಗೆದು, ಊರಿಗೆ ಮರಳಿದ ಮೇಲೆ ತೊಳೆದರೂ ನಡೀತದೆ. ಬೆಳಕನ್ನೂ ಬೇಗ ಹಿಡೀತದೆ. ಹಸಿ ಪ್ಲೇಟಿಗೆ ಹಲವು ಸೆಕೆಂಡ್ ಬೇಕಿದ್ದ ಕಡೆ ಇದಕ್ಕೆ ಸೆಕೆಂಡಿನ ಒಂದು ಭಾಗ ಸಾಕು. ಆದರೆ ಹಸಿ ಪ್ಲೇಟಿನ ನುಣುಪು, ಸೂಕ್ಷ್ಮತೆ ಬೇರೆಯದೇ. ಇವತ್ತು ನಾವು ಫಿಲ್ಮಾ ಡಿಜಿಟಲ್ಲಾ ಅಂತ ಜಗಳ ಆಡ್ತೀವಲ್ಲ, ಅವರ ಕಾಲದ ಫೋಟೋಗ್ರಾಫರ್‌ಗಳ ಮುಂದೆ ಇದ್ದ ಆಯ್ಕೆ ಹೆಚ್ಚುಕಮ್ಮಿ ಅದೇ. ದೀನ್ ದಯಾಳ್ ಎರಡೂ ಪದ್ಧತಿಯಲ್ಲಿ ಕೆಲಸ ಮಾಡಿದರು.

1882ರಲ್ಲಿ ಬ್ರಿಟಿಷ್ ಅಧಿಕಾರಿ ಲೆಪೆಲ್ ಗ್ರಿಫಿನ್ ಜೊತೆ ಮಧ್ಯಭಾರತ ಸುತ್ತಿ ಕೋಟೆ, ದೇವಾಲಯಗಳ ಫೋಟೋ ತೆಗೆದರು. ಅವು 1886ರಲ್ಲಿ ಪುಸ್ತಕವಾಗಿ ಬಂದವು. ಅಷ್ಟರಲ್ಲಿ ನೌಕರಿಯಾ ಕ್ಯಾಮೆರಾನಾ ಅನ್ನೋ ಪ್ರಶ್ನೆ ಎದುರಿಗೆ ಬಂದಿತ್ತು. ಮೊದಲು ದೀರ್ಘ ರಜೆ ಹಾಕಿದರು, ನಂತರ ನೌಕರಿಯಿಂದಲೇ ನಿವೃತ್ತಿ ಪಡೆದರು. ಸಿಕಂದರಾಬಾದ್‌ನಲ್ಲಿ ಸ್ಟುಡಿಯೋ ತೆರೆದರು. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಅವರನ್ನು ಆಸ್ಥಾನದ ಛಾಯಾಗ್ರಾಹಕರನ್ನಾಗಿ ನೇಮಿಸಿ, ಮುಂದೆ ರಾಜಾ ಬಹದ್ದೂರ್ ಮುಸವ್ವಿರ್ ಜಂಗ್ ಎಂಬ ಬಿರುದನ್ನೂ ಕೊಟ್ಟರು. 1896ರಲ್ಲಿ ಮುಂಬೈಯಲ್ಲೂ ಸ್ಟುಡಿಯೋ ಆಯಿತು. 1897ರಲ್ಲಿ ವಿಕ್ಟೋರಿಯಾ ರಾಣಿಯ ಛಾಯಾಗ್ರಾಹಕ ಎಂಬ ಗೌರವವೂ ಬಂತು.

ಅವರದು ಒಂದೇ ಬಗೆಯ ಫೋಟೋಗ್ರಫಿ ಅಲ್ಲ. ಅರಮನೆ, ಬೇಟೆ, ಸೇನೆಯ ಕವಾಯತು, ದರ್ಬಾರು, ಔರಂಗಾಬಾದ್ ಕಡೆಯ ಬರ ಪರಿಹಾರದ ಕಾಮಗಾರಿ, ಹೀಗೆ ಎಲ್ಲವನ್ನೂ ತೆಗೆದರು. ನಮಗೆ ತುಂಬಾ ಇಷ್ಟವಾದ ವಿಷಯ ಅಂದರೆ 1892ರಲ್ಲಿ ಹೈದರಾಬಾದ್‌ನಲ್ಲಿ ತೆರೆದ ಜನಾನಾ ಸ್ಟುಡಿಯೋ. ಪರದೆಯಲ್ಲಿದ್ದ ಹೆಣ್ಣುಮಕ್ಕಳು ಗಂಡಸರ ಕ್ಯಾಮೆರಾ ಮುಂದೆ ಕೂರುವಂತಿರಲಿಲ್ಲ. ಹಾಗಾಗಿ ಆ ಸ್ಟುಡಿಯೋವನ್ನು ಒಬ್ಬ ಇಂಗ್ಲಿಷ್ ಮಹಿಳೆಯ ಕೈಗೆ ಒಪ್ಪಿಸಿದರು. ಯಾವ ಕ್ಯಾಮೆರಾ ಅನ್ನೋದಕ್ಕಿಂತ ಮೊದಲು ಯಾರ ಫೋಟೋ, ಎಂಥ ಫೋಟೋ ಅಂತ ಕೇಳಿಕೊಳ್ತಿದ್ದರು ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

ಅವರ ಕಾಲದಲ್ಲಿ ನಮ್ಮ ಬೀದರ್ ಸೀಮೆಯೂ ನಿಜಾಮರ ರಾಜ್ಯದಲ್ಲೇ ಇತ್ತು. ಬಸವಕಲ್ಯಾಣ ಆಗ ಕಲ್ಯಾಣಿ ನವಾಬರ ಜಾಗೀರು. ಈಗಲೂ ಹುಮನಾಬಾದ್‌ನಲ್ಲಿ ಬೆಳಗ್ಗೆ ಬಸ್ ಹತ್ತಿದರೆ ಮಧ್ಯಾಹ್ನದೊಳಗೆ ಹೈದರಾಬಾದ್. ಹಾಗಾಗಿ ಅವರ ಪ್ರಶ್ನೆಯನ್ನೇ ನಮ್ಮೂರಲ್ಲಿ ಕೇಳಿ ನೋಡೋಣ.

ಹುಮನಾಬಾದ್ ವೀರಭದ್ರೇಶ್ವರ ಜಾತ್ರೆಯ ತೇರಿಗೆ ಡಿಜಿಟಲ್ಲೇ ಸರಿ. ಜನ ನಿಲ್ಲೋದಿಲ್ಲ, ಸಂಜೆಯಾದರೆ ಬೆಳಕೂ ಕಡಿಮೆ. ಐಎಸ್ಒ ಏರಿಸಬೇಕು, ಬಂತೋ ಇಲ್ಲವೋ ಅಂತ ಕೂಡಲೇ ನೋಡಬೇಕು. ಮೂವತ್ತಾರು ಫೋಟೋದ ಒಂದು ರೋಲ್ ಐದು ನಿಮಿಷಕ್ಕೇ ಖಾಲಿ. ಜಲಸಂಗಿಯ ಗುಡಿಯಲ್ಲಿ ಶಾಸನ ಬರೆಯುತ್ತಾ ನಿಂತ ಮದನಿಕೆಯ ಕತೆ ಬೇರೆ. ಚಾಲುಕ್ಯರ ಆರನೇ ವಿಕ್ರಮಾದಿತ್ಯನ ಕಾಲದಿಂದ ನಿಂತವಳು, ನಮಗಾಗಿ ಇನ್ನೊಂದು ತಾಸು ಕಾಯ್ತಾಳೆ. ಅಲ್ಲಿ ಫಿಲ್ಮ್ ಹಾಕಿ, ಟ್ರೈಪಾಡ್ ಇಟ್ಟು, ಓರೆ ಬಿಸಿಲಿಗೆ ಕಾದು ಒಂದೇ ಒಂದು ಫೋಟೋ ತೆಗೆಯೋದರಲ್ಲಿ ಅರ್ಥ ಅದ. ಬಸವಕಲ್ಯಾಣದ ಕೋಟೆಯಲ್ಲಿ ಮಧ್ಯಾಹ್ನ ಕಲ್ಲು ಕಪ್ಪು, ಆಕಾಶ ಬಿಳಿ. ನೆಗೆಟಿವ್ ಫಿಲ್ಮ್ ಆ ಪ್ರಖರ ಬೆಳಕನ್ನು ತಾಳಿಕೊಳ್ತದೆ. ಡಿಜಿಟಲ್‌ನಲ್ಲಿ ಆಕಾಶ ಒಮ್ಮೆ ಪೂರ್ತಿ ಬಿಳಿಯಾದರೆ ಮುಗೀತು, ಅದಕ್ಕೇ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ ರಾ ಫೈಲ್‌ನಲ್ಲಿ ತೆಗೆಯಬೇಕು. ಇನ್ನು ಫಿಲ್ಮಿಗೆ ದುಡ್ಡೂ ಬೇಕು, ರೋಲ್ ತೊಳೆಸೋಕೆ ದೊಡ್ಡ ಊರಿಗೂ ಕಳಿಸಬೇಕು. ಕಲಿಯೋರಿಗೆ ಡಿಜಿಟಲ್ಲೇ ಒಳ್ಳೆ ಮೇಷ್ಟ್ರು.

ದೀನ್ ದಯಾಳ್ 1905ರ ಜುಲೈನಲ್ಲಿ ತೀರಿಕೊಂಡರು. 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಅವರ 2,857 ಗಾಜಿನ ನೆಗೆಟಿವ್‌ಗಳನ್ನು ಕೊಂಡುಕೊಂಡಿತು. ಕೈಜಾರಿದರೆ ಚೂರಾಗುವ ಗಾಜು ಎಂಬತ್ತು ವರ್ಷಕ್ಕೂ ಹೆಚ್ಚು ಉಳಿದಿತ್ತು, ಯಾಕೆಂದರೆ ಯಾರೋ ಅದನ್ನು ಜೋಪಾನ ಮಾಡಿದ್ದರು. ನಾವು ಒಂದು ಪಿಕ್ನಿಕ್‌ನಲ್ಲಿ ಐದುನೂರು ಫೋಟೋ ಹೊಡೀತೀವಿ, ಫೋನ್ ಬದಲಾದರೆ ಎಲ್ಲವೂ ಹೋಯ್ತು. ಫಿಲ್ಮ್ ಆಗಲಿ ಡಿಜಿಟಲ್ ಆಗಲಿ, ಫೋಟೋ ತಾನಾಗಿ ಉಳಿಯೋದಿಲ್ಲ. ಈ ವರ್ಷ ತೆಗೆದ ಕೋಟೆಯ, ಜಾತ್ರೆಯ ಫೋಟೋಗಳಲ್ಲಿ ಹತ್ತನ್ನಾದರೂ ಆರಿಸಿ ಊರು, ತಾರೀಕು ಬರೆದು, ಎರಡು ಕಡೆ ಕಾಪಿ ಇಟ್ಟು, ಪ್ರಿಂಟ್ ಹಾಕಿಸಿಡೋಣ. ನೂರು ವರ್ಷದ ನಂತರ ಬಸವಕಲ್ಯಾಣ ಹೇಗಿತ್ತು ಅಂತ ಯಾರಾದರೂ ಹುಡುಕಿದರೆ ಸಿಗಬೇಕಲ್ಲ.