ಕರ್ನಲ್ ಮೆಕೆಂಝಿ ಮತ್ತು ಕಾವೇರಿಯ ರಂಗದ್ವೀಪಗಳು

ಕಾವೇರಿಯು ಮೂರು ಕಡೆ ಎರಡಾಗಿ ಒಡೆದು, ನಡುವೆ ಒಂದೊಂದು ದ್ವೀಪವನ್ನುಳಿಸಿ, ಮತ್ತೆ ಮುಂದುವರಿಯುತ್ತಾಳೆ. ಶ್ರೀರಂಗಪಟ್ಟಣವು ಆದಿರಂಗ, ಶಿವನಸಮುದ್ರವು ಮಧ್ಯರಂಗ, ತಿರುಚಿನಾಪಳ್ಳಿಯ ಬಳಿಯ ಶ್ರೀರಂಗವು ಅಂತ್ಯರಂಗ. ಭಕ್ತರಿಗೆ ಇದರಲ್ಲಿ ಗೊಂದಲವಿಲ್ಲ. ಆದರೆ ಇಂಗ್ಲಿಷರ ಹಳೆಯ ನಕಾಶೆಗಳಲ್ಲಿ ಮೊದಲನೆಯದು ಸೆರಿಂಗಪಟಮ್, ಕೊನೆಯದು ಸೆರಿಂಗಮ್! 1752ರಲ್ಲಿ ಫ್ರೆಂಚರು ಶರಣಾದದ್ದು ಕಾವೇರಿಯ ಮುಖಜಭೂಮಿ ಆರಂಭವಾಗುವಲ್ಲಿರುವ ಶ್ರೀರಂಗದಲ್ಲಿ. 1799ರ ಮೇ 4ರಂದು ಟಿಪ್ಪು ಸುಲ್ತಾನನು ಮಡಿದದ್ದು ಬಹುದೂರ ಮೇಲಿನ ಶ್ರೀರಂಗಪಟ್ಟಣದಲ್ಲಿ. ಹಳೆಯ ಗ್ರಂಥವನ್ನೂ ಇಂದಿನ ನಕಾಶೆಯನ್ನೂ ಎದುರಿಗಿಟ್ಟುಕೊಂಡ ವಿದ್ಯಾರ್ಥಿಯು ಯಾವುದು ಯಾವುದೆಂದು ತಡವರಿಸುವುದು ಸಹಜ. ದ್ವೀಪಗಳ ಮಾತೇಕೆ, ನಮ್ಮ ಹೊನವಾಡದ ಹೆಸರು ಹೇಳಿದರೆ ದಕ್ಷಿಣದವರು ಶರಾವತಿಯ ಅಳಿವೆಯ ಹೊನ್ನಾವರವೇ ಎಂದು ಕೇಳುತ್ತಾರೆ. ಬಯಲುಸೀಮೆಯವರಾದ ನಮಗೆ ಒಮ್ಮೆಲೇ ಸಮುದ್ರ ದೊರೆತಂತಾಗುತ್ತದೆ.

ಹೆಸರನ್ನು ಆಯಾ ಊರಿನವರಿಂದಲೇ ಕೇಳಿ ಬರೆದುಕೊಳ್ಳಬೇಕೆಂದು ಹೊರಟವರಲ್ಲಿ ಕಾಲಿನ್ ಮೆಕೆಂಝಿಯು ಮುಖ್ಯನು. ಈತನು 1754ರಲ್ಲಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೋವೇ ಎಂಬ ಊರಿನಲ್ಲಿ ಜನಿಸಿದನು. ವಿಚಿತ್ರವೆಂದರೆ ಆ ದ್ವೀಪದ ಉತ್ತರ ಭಾಗಕ್ಕೆ ಲೂಯಿಸ್ ಎಂದೂ ದಕ್ಷಿಣ ಭಾಗಕ್ಕೆ ಹ್ಯಾರಿಸ್ ಎಂದೂ ಹೆಸರು. ನೆಲ ಒಂದೇ ಆದರೂ ಜನರು ಎರಡು ದ್ವೀಪಗಳೆಂದೇ ಕರೆಯುತ್ತಾರೆ. ಅಂಥಲ್ಲಿ ಹುಟ್ಟಿದವನು ಸುಂಕದ ಕಚೇರಿಯ ನೌಕರಿ ಬಿಟ್ಟು 1783ರಲ್ಲಿ ಮದರಾಸಿಗೆ ಬಂದು, ಕಂಪನಿಯ ಸೈನ್ಯದಲ್ಲಿ ಇಂಜಿನಿಯರನಾದನು. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿಯೂ ಇದ್ದನು. ಕೋಟೆ ಕೆಡವಲು ಬಂದವನೇ ಮುಂದೆ ನಾಡನ್ನು ಅಳೆಯುವವನಾದದ್ದು ನಮಗೆ ಸಂತೋಷದ ಸಂಗತಿಯೇನಲ್ಲ. ಗೆದ್ದ ನೆಲದ ಲೆಕ್ಕ ಗೆದ್ದವರಿಗೆ ಬೇಕಾಗಿತ್ತು.

ಆದರೂ ಅವನು ಮಾಡಿದ್ದು ಬರಿಯ ಲೆಕ್ಕವಲ್ಲ. 1800ರ ಸುಮಾರಿಗೆ ಆರಂಭವಾದ ಮೈಸೂರು ಮೋಜಣಿಯು 40,000 ಚದರ ಮೈಲಿಗೂ ಮಿಕ್ಕಿದ ಪ್ರದೇಶದಲ್ಲಿ ನಡೆಯಿತು. ಜ್ವರದಿಂದ ಜನ ನರಳಿದರು. ಖರ್ಚು ಹೆಚ್ಚಾಯಿತೆಂದು ಕಂಪನಿಯು ಕೈ ಬಿಗಿಹಿಡಿಯಿತು. ಅಂಥದರಲ್ಲಿಯೂ ಕೆರೆ, ಕೋಟೆ, ಗಡಿಗಳ ಜೊತೆಗೆ ಶಾಸನ, ತಾಳೆಗರಿ, ನಾಣ್ಯ, ಊರೂರಿನ ಕೈಫಿಯತ್ತುಗಳು ಸಂಗ್ರಹವಾದವು. ಶಾನುಭೋಗನು ಹೇಳಿದ ಊರ ಕಥೆಯೂ ಸರ್ಕಾರದ ಕಡತ ಸೇರಿತು.

ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಮೆಕೆಂಝಿಗೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ. ಕೇಳಿದವರು, ಓದಿದವರು, ಅನುವಾದಿಸಿದವರು ಕಾವಲಿ ವೆಂಕಟ ಬೊರಯ್ಯ, ಅವನ ತಮ್ಮಂದಿರಾದ ಲಕ್ಷ್ಮಯ್ಯ ಮತ್ತು ರಾಮಸ್ವಾಮಿ, ಹಳಗನ್ನಡ ಶಾಸನಗಳನ್ನು ಬಲ್ಲ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮೊದಲಾದವರು. ಬೊರಯ್ಯನು 1803ರಲ್ಲಿಯೇ, ಇನ್ನೂ ತರುಣನಾಗಿದ್ದಾಗಲೇ ತೀರಿಕೊಂಡನು. ದೇಶೀಯ ವಿದ್ಯೆಯ ಬಾಗಿಲನ್ನು ತನಗೆ ತೆರೆದವನು ಅವನೇ ಎಂದು ಮೆಕೆಂಝಿಯು ಮುಂದೆ ಒಪ್ಪಿಕೊಂಡನು. ಈ ಒಪ್ಪಿಗೆಯೇ, ನನಗೆ ತೋರುವಂತೆ, ಅವನ ದೊಡ್ಡತನ.

ಆಮೇಲಿನ ಬಾಳು ಪದವಿಗಳದು. 1811ರಿಂದ ಎರಡು ವರ್ಷ ಜಾವಾದಲ್ಲಿದ್ದು, ಅಲ್ಲಿಯೇ ಮದುವೆಯಾದನು. 1815ರಲ್ಲಿ ಹಿಂದುಸ್ಥಾನದ ಮೊದಲ ಸರ್ವೇಯರ್ ಜನರಲ್ ಆದನು. 1821ರ ಮೇ 8ರಂದು ಕಲಕತ್ತೆಯ ಹತ್ತಿರ ಮರಣಹೊಂದಿದನು. ಅವನ ಸಂಗ್ರಹಕ್ಕೆ ಕಂಪನಿಯು ವಿಧವೆಗೆ 1,00,000 ರೂಪಾಯಿ ಕೊಟ್ಟಿತು. ಅದರಲ್ಲಿನ ಕನ್ನಡ ಕೈಫಿಯತ್ತುಗಳನ್ನು ನಮ್ಮ ಜಿಲ್ಲೆಯವರೇ ಆದ ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ 1994ರಲ್ಲಿ ಬೆಳಕಿಗೆ ತಂದರು.

ಯಜಮಾನನು ಹೋದ ಮೇಲೆ, ನಿಂತ ಕೆಲಸವನ್ನು ತಾನು ಮುಂದುವರಿಸುತ್ತೇನೆಂದು ಲಕ್ಷ್ಮಯ್ಯನು ಕೇಳಿಕೊಂಡನು. ಊರೂರು ತಿರುಗಿ ಆ ಕಾಗದಗಳನ್ನು ಕೂಡಿಸಿದವರಲ್ಲಿ ಅವನಿಗಿಂತ ಬಲ್ಲವರು ಆಗ ಯಾರಿದ್ದರು? ಆದರೆ ದೇಶೀಯನೊಬ್ಬನಿಂದ ಅಂಥ ವಿಮರ್ಶೆಯ ಕಾರ್ಯ ಸಾಗದೆಂದು ಕಲಕತ್ತೆಯ ಏಷಿಯಾಟಿಕ್ ಸೊಸೈಟಿಯ ವಿದ್ವಾಂಸರು ಬಗೆದರು. ಕಾಗದಗಳನ್ನು ಪರಿಶೀಲಿಸುವ ಕೆಲಸವು ಮದರಾಸಿನ ಟೇಲರ್ ಎಂಬ ಪಾದ್ರಿಗೆ ದೊರೆಯಿತು.