ಬೆಳಕಿನ ವೈದ್ಯ

ನೀಲ್ಸ್ ಫಿನ್ಸೆನ್ 1860ರಲ್ಲಿ ಡೆನ್ಮಾರ್ಕಿಗೆ ಸೇರಿದ ಫೆರೋ ದ್ವೀಪಗಳಲ್ಲಿ ಜನಿಸಿದನು. ವೈದ್ಯನಾದರೂ ಸ್ವತಃ ವಾಸಿಯಾಗದ ವ್ಯಾಧಿಯಿಂದ ಬಳಲುತ್ತಿದ್ದ ಅವನು ಬಿಸಿಲಿನ ಹಿತವನ್ನು ಬಲ್ಲವನಾಗಿದ್ದನು. ಮುಖವನ್ನು ವಿರೂಪಗೊಳಿಸುವ ಚರ್ಮಕ್ಷಯಕ್ಕೆ 1895ರಲ್ಲಿ ವಿದ್ಯುದ್ದೀಪದ ಬೆಳಕನ್ನು ಮಸೂರಗಳಿಂದ ಕೇಂದ್ರೀಕರಿಸಿ ಚಿಕಿತ್ಸೆ ನೀಡಿದನು. ಚಿಕಿತ್ಸೆಯು ಫಲಿಸಿತು, ಆದರೆ ಅದು ತಿಂಗಳುಗಟ್ಟಲೆ ನಡೆಯಬೇಕಾಗಿದ್ದಿತು. 1896ರಲ್ಲಿ ಕೋಪನ್‌ಹೇಗನ್ನಿನಲ್ಲಿ ಸ್ಥಾಪಿತವಾದ ಅವನ ಚಿಕಿತ್ಸಾಲಯದ ವೆಚ್ಚಕ್ಕೆ ದಾನಿಗಳೂ ಸರ್ಕಾರವೂ ನೆರವಾದರು. 1903ರ ನೊಬೆಲ್ ಬಹುಮಾನದ ಹಣದ ಒಂದು ಭಾಗವನ್ನು ಅದಕ್ಕೇ ಅರ್ಪಿಸಿ, ಮರುವರ್ಷ ಅವನು ತೀರಿಕೊಂಡನು.

ಇಂದು ಸೋರಿಯಾಸಿಸ್, ತೊನ್ನು ಮುಂತಾದವುಗಳಿಗೆ ನೇರಳಾತೀತ ದೀಪವನ್ನು ವೈದ್ಯರ ಸಲಹೆಯಂತೆ ಮನೆಯಲ್ಲಿಯೇ ಬಳಸಬಹುದಾಗಿದೆ. ದೀಪವು ಮನೆಯಲ್ಲಿದ್ದರೆ ಔರಾದಿನ ಕೂಲಿಕಾರನು ದುಡಿಮೆ ಬಿಟ್ಟು ವಾರಕ್ಕೆ ಮೂರು ಬಾರಿ ಬೀದರಿಗೆ ಅಲೆಯಬೇಕಿಲ್ಲ. ಅದರ ಬೆಲೆಯನ್ನು ಆರೋಗ್ಯವಿಮೆಯು ಭರಿಸುವುದು ಫಿನ್ಸೆನ್ನನ ಬಾಳು ತೋರಿದ ದಾರಿಗೆ ತಕ್ಕುದಾಗಿದೆ.